ಕಲ್ಲು ತೋರಿಸುವ ಭಾನುವಾರ

ನಿಟ್ಟೆಯಲ್ಲಿ ಕಲ್ಲಿಗೆ ಬರ ಬಂದ ದಿನ ಅರಬ್ಬೀ ಸಮುದ್ರದಲ್ಲಿ ಉಪ್ಪಿಗೂ ಬರ ಬಂದೀತು. ಮನೆಯ ಗೋಡೆಗೆ ಮುರಕಲ್ಲು, ತುಳಸಿಕಟ್ಟೆಗೆ ಮುರಕಲ್ಲು, ಬಾವಿ ತೋಡಹೋದರೆ ಅರ್ಧದಲ್ಲಿ ಪಾದೆ. ಅಲ್ಲಿ ಕಾರ್ಕಳದ ಬಂಡೆಯ ನೆತ್ತಿಯಲ್ಲಿ 42 ಅಡಿಯ ಗೊಮ್ಮಟ 1432ರಿಂದ ನಿಂತೇ ಇದ್ದಾನೆ. ಅವನೊಬ್ಬ ಸಾಲದೆಂದು ರೆಂಜಾಳ ಗೋಪಾಲ ಶೆಣೈಯವರು ಕಾರ್ಕಳದಲ್ಲೇ 39 ಅಡಿಯ ಇನ್ನೊಬ್ಬನನ್ನು ಕಡೆದು, ಅವನನ್ನು ಗಾಡಿಗೇರಿಸಿ ಧರ್ಮಸ್ಥಳಕ್ಕೆ ಕಳುಹಿಸಿದ್ದೂ ಆಯಿತು. ಹೀಗೆ ದೇವರನ್ನೇ ರಫ್ತು ಮಾಡಿದ ಸೀಮೆಯಲ್ಲಿ ಕೂತು, ನಾವು ನಾಲ್ವರು ನಿವೃತ್ತರು ಪರದೇಶದಿಂದ ಹಣ ಕೊಟ್ಟು ಕಲ್ಲು ತರಿಸುತ್ತೇವೆ.

"ಬಾವಿಯಿಂದ ಎತ್ತಿ ಹಾಕಿದ್ದು ಹಿತ್ತಿಲಲ್ಲಿ ರಾಶಿ ಉಂಟು. ಅದು ಸಾಲುವುದಿಲ್ವಾ ನಿಮಗೆ?" ಎಂದು ಹೆಂಡತಿ ಕೇಳಿದಳು.

"ಇದು ಬರೀ ಕಲ್ಲಲ್ಲ ಮಾರಾಯ್ತಿ, ಪಳೆಯುಳಿಕೆ" ಎಂದೆ.

"ಉಳಿಕೆ ಬೇಕಾದರೆ ನಿನ್ನೆಯ ಸಾರೂ ಉಂಟು" ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಆ ಸಂಗ್ರಹಕ್ಕೆ 'ತಂಗಳು' ಎಂದೇ ಹೆಸರು. ಕಪಾಟಿನ ಧೂಳು ಒರೆಸುವಾಗ "ನಿಮ್ಮ ತಂಗಳನ್ನು ಸ್ವಲ್ಪ ಆಚೆ ಇಡಿ" ಎನ್ನುತ್ತಾಳೆ.

ಕೂಟದ ಸದಸ್ಯರ ಪರಿಚಯ ಆಗಬೇಕು. ಮುಂಬಯಿಯಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿ ಬಂದ ಶೆಟ್ರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಹೆಡ್ ಮೇಷ್ಟ್ರು. ಗಲ್ಫಿನಿಂದ ಹಿಂದಿರುಗಿ ಕಾರ್ಕಳ ಪೇಟೆಯಲ್ಲಿ ಮನೆ ಕಟ್ಟಿ, ಅದರಲ್ಲಿ ಗಾಜಿನ ಶೋಕೇಸು ಕಟ್ಟಿ, ಶೋಕೇಸಿನಲ್ಲಿ ಏನಿಡುವುದು ಎಂದು ತಿಳಿಯದೆ ಈ ಹವ್ಯಾಸಕ್ಕೆ ಬಿದ್ದ ನನ್ನ ಭಾವ. ನಾಲ್ಕನೆಯವನು ನಾನು, ಅಂದರೆ ಚಾವಡಿ ಮತ್ತು ಚಹಾ ಒದಗಿಸುವವನು. ಭಾನುವಾರ ಸಂಜೆ ಐದಕ್ಕೆ ಸಭೆ. ಹೊಸದಾಗಿ ಏನಾದರೂ ಬಂದಿದ್ದರೆ ಅದನ್ನು ಮಣೆಯ ಮೇಲಿಟ್ಟು ಬೈರಾಸು ಮುಚ್ಚಬೇಕು. ಚಹಾ ಮುಗಿಯುವ ತನಕ ಯಾರೂ ಇಣುಕಬಾರದು. ಆಮೇಲೆ ಬೈರಾಸು ಸರಿಸಿ ಮೂರೇ ಪ್ರಶ್ನೆ: ಎಲ್ಲಿಯದ್ದು, ಎಷ್ಟು ಹಳೆಯದ್ದು, ಎಷ್ಟು ಕೊಟ್ಟದ್ದು. ಮೊದಲೆರಡಕ್ಕೆ ಉತ್ತರ ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಇರುತ್ತದೆ. ಮೂರನೆಯದಕ್ಕೆ ಪ್ರತಿಯೊಬ್ಬರಲ್ಲೂ ಎರಡು ಉತ್ತರ ಉಂಟು. ಹೆಂಡತಿಗೆ ಹೇಳುವಾಗ ಅರ್ಧ, ನಮಗೆ ಹೇಳುವಾಗ ದುಪ್ಪಟ್ಟು.

ಇಷ್ಟೆಲ್ಲ ಯಾಕೆ, ನಮ್ಮ ಗುಡ್ಡದಲ್ಲೇ ಹುಡುಕಬಾರದಾ ಎಂದು ಆರಂಭದಲ್ಲಿ ಶೆಟ್ರು ಹಟ ಹಿಡಿದಿದ್ದರು. ಅವರ ವಾದ ಬಲವಾಗಿಯೇ ಇತ್ತು. "ಪರಶುರಾಮ ಕೊಡಲಿ ಬೀಸಿದ, ಸಮುದ್ರ ಹಿಂದೆ ಹೋಯಿತು, ತುಳುನಾಡು ಎದ್ದಿತು. ಹೌದಾ ಅಲ್ವಾ? ಹಾಗಾದರೆ ಸಮುದ್ರ ಅವಸರದಲ್ಲಿ ಬಿಟ್ಟು ಹೋದ ಶಂಖ, ಚಿಪ್ಪು, ಮೀನಿನ ಮುಳ್ಳು ಗುಡ್ಡದಲ್ಲಿ ಇರಲೇಬೇಕಲ್ಲ ಮಾರಾಯ್ರೆ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಅವರು ಕನ್ನಡಕ ಒರೆಸಿದರೆ ನಲವತ್ತು ನಿಮಿಷದ ಪೀರಿಯಡ್ಡು ಸುರುವಾಯಿತು ಎಂದರ್ಥ. ನಮ್ಮ ಅಡಿಯ ಗಟ್ಟಿಕಲ್ಲಿನ ವಯಸ್ಸು ಸುಮಾರು 250ರಿಂದ 300 ಕೋಟಿ ವರ್ಷ. ಚಿಪ್ಪು, ಕವಚ ಇರುವ ಪ್ರಾಣಿಗಳು ಭೂಮಿಗೆ ಬಂದು 54 ಕೋಟಿ ವರ್ಷವಾಯಿತು ಅಷ್ಟೆ. ಹುಟ್ಟದ ಮಗುವಿನ ಹೆಜ್ಜೆಯನ್ನು ಅಜ್ಜನ ಅಂಗಳದಲ್ಲಿ ಹುಡುಕಿದ ಹಾಗಾಯಿತು ಇದು. ಅದೂ ಅಲ್ಲದೆ ಕರಿಕಲ್ಲು ಭೂಮಿಯ ಹೊಟ್ಟೆಯಲ್ಲಿ ಕುದಿದು ಗಟ್ಟಿಯಾದದ್ದು. ಕುದಿಯುವ ಹಂಡೆಯೊಳಗೆ ಯಾವ ಶಂಖ ಉಳಿದೀತು? ಇನ್ನು ಮುರಕಲ್ಲೋ, ಮೇಲಿನ ಬಂಡೆ ಮಳೆಗೆ ಕೊಳೆತು, ಇದ್ದ ಸಾರವೆಲ್ಲ ತೊಳೆದು ಹೋಗಿ, ಕಬ್ಬಿಣದ ತುಕ್ಕು ಮಾತ್ರ ಉಳಿದದ್ದು. ಜೂನಿನಿಂದ ಸೆಪ್ಟೆಂಬರಿನ ತನಕ ಸುರಿಯುವ ನಮ್ಮ ಮಳೆ ಮಣ್ಣನ್ನು ಹುಳಿ ಮಾಡುತ್ತದೆ. ಆ ಹುಳಿಯಲ್ಲಿ ಎಲುಬೂ ಕರಗುತ್ತದೆ, ಚಿಪ್ಪೂ ಕರಗುತ್ತದೆ.

"ಅಂದರೆ ನಾವು ಸತ್ತರೂ ಪಳೆಯುಳಿಕೆ ಆಗುವ ಭಾಗ್ಯ ಇಲ್ಲ" ಎಂದರು ಶೆಟ್ರು, ನಿಜವಾದ ಬೇಸರದಿಂದ.

ಆದರೂ ಅವರು ಸೋಲಲಿಲ್ಲ. ಎರಡು ವಾರ ಬಿಟ್ಟು ಬೈರಾಸಿನಡಿ ಒಂದು ಚಿಪ್ಪು ಇಟ್ಟರು. ತೆಂಗಿನ ಬುಡಕ್ಕೆ ಗುಂಡಿ ತೆಗೆಯುವಾಗ ಎರಡಡಿ ಆಳದಲ್ಲಿ ಸಿಕ್ಕಿದ್ದಂತೆ. ನಿಟ್ಟೆಯಿಂದ ಸಮುದ್ರಕ್ಕೆ ಎಷ್ಟು ದೂರ, ಲೆಕ್ಕ ಹಾಕಿ ಎಂದರು. ಚಹಾದ ಲೋಟ ಎತ್ತಲು ಬಂದ ನನ್ನ ಹೆಂಡತಿ ಒಂದು ಕ್ಷಣ ನೋಡಿದಳು. "ಮರುವಾಯಿ ಅಲ್ವಾ? ಶೆಟ್ರೆ, ನಿಮ್ಮ ಅಮ್ಮ ಇದ್ದಾಗ ಮರುವಾಯಿ ಸುಕ್ಕ ಮಾಡಿದ ಮರುದಿನ ಚಿಪ್ಪೆಲ್ಲ ತೆಂಗಿನ ಬುಡಕ್ಕೇ ಹಾಕುತ್ತಿದ್ದದ್ದು. ಕಾಯಿ ಒಳ್ಳೆದಾಗುತ್ತದೆ ಅಂತ." ಶೆಟ್ರು ಚಿಪ್ಪನ್ನು ಕಿಸೆಗೆ ಹಾಕಿಕೊಂಡರು. ಆಮೇಲೆ ನೋಡಿದರೆ ಅದನ್ನು ಎಸೆಯದೆ ಹತ್ತಿ ಹಾಸಿದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ. ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮೇಷ್ಟ್ರ ಸಂಗ್ರಹದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ, ಯಾಕೆಂದರೆ ಅವರು ಕಾನೂನು ಪಾಲಿಸುವ ಮನುಷ್ಯ. ತಮಿಳುನಾಡಿನ ತಿರುವಕ್ಕರೈಗೆ ಹೋಗಿ, ಕಲ್ಲಾಗಿ ಮಲಗಿದ ಮರದ ದಿಮ್ಮಿಗಳನ್ನು ನೋಡಿ ಬಂದರು. ವಿಷ್ಣು ಕೊಂದ ರಾಕ್ಷಸನ ಎಲುಬು ಅದು ಎಂದು ಅಲ್ಲಿಯವರ ಕತೆಯಂತೆ. ಅಲ್ಲಿಂದ ಚೂರು ಎತ್ತಿದರೂ ಅಪರಾಧವಾದ್ದರಿಂದ ಮೇಷ್ಟ್ರು ತಂದದ್ದು ಹನ್ನೆರಡು ಫೋಟೋ. ಬೈರಾಸಿನಡಿ ಫೋಟೋ ಇಟ್ಟವರನ್ನು ಕೂಟ ಹೇಗೆ ನೋಡುತ್ತದೋ ಹಾಗೆ ನೋಡಿದೆವು. ಅವರ ಬಳಿ ಇರುವ ಒಂದೇ ಒಂದು ಕಲ್ಲು ಕುದುರೆಮುಖದ್ದು. 2005ರ ಕೊನೆಗೆ ಗಣಿ ನಿಲ್ಲುವ ಮೊದಲು ಅಲ್ಲಿ ಕೆಲಸಕ್ಕಿದ್ದ ಹಳೆ ಶಿಷ್ಯ ಕೊಟ್ಟದ್ದಂತೆ. ಕಪ್ಪು ಗೆರೆ, ಬಿಳಿ ಗೆರೆ, ಮತ್ತೆ ಕಪ್ಪು ಗೆರೆ. ಒಳ್ಳೆ ಜಮಖಾನದ ಹಾಗೆ. "ಇದರಲ್ಲಿ ಪ್ರಾಣಿ ಎಲ್ಲಿ?" ಎಂದರು ಭಾವ. ಪ್ರಾಣಿ ಇಲ್ಲ, ಅದರ ಉಸಿರು ಇದೆ ಎಂದರು ಮೇಷ್ಟ್ರು. ಬಹಳ ಹಿಂದೆ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಸಮುದ್ರದಲ್ಲಿ ಆಮ್ಲಜನಕ ಬಿಡತೊಡಗಿದಾಗ, ನೀರಿನಲ್ಲಿ ಕರಗಿದ್ದ ಕಬ್ಬಿಣ ಗಟ್ಟಿಯಾಗಿ ತಳಕ್ಕೆ ಕೂತು ಹೀಗೆ ಪದರ ಪದರವಾಯಿತು ಎಂದು ತಿಳಿದವರು ಹೇಳುತ್ತಾರೆ. ಪುಡಿ ಮಾಡಿ ಕೊಳವೆಯಲ್ಲಿ ಮಂಗಳೂರಿನ ಬಂದರಿಗೆ ಹರಿಯಬಿಟ್ಟದ್ದು ಅದನ್ನೇ. ನನಗೆ ಆ ಕಲ್ಲು ಬಹಳ ಇಷ್ಟವಾಯಿತು. ಆದರೆ ಉಸಿರಿಗೆ ಶೋಕೇಸು ಬೇಡ ಎಂದು ಭಾವನ ಅಭಿಪ್ರಾಯ.

ಶೆಟ್ರ ಟ್ರೈಲೊಬೈಟಿನ ಕತೆ ಬೇರೆ. ಮೊರಾಕ್ಕೊದಿಂದ ಬಂದದ್ದು. ಅಂಗೈ ಅಗಲ, ಮೈಮೇಲೆ ಮೂರು ಸಾಲು ಏಣು, ಎರಡು ದಪ್ಪ ಕಣ್ಣು, ಬೆನ್ನಿನ ತುಂಬ ಮುಳ್ಳು. ನೋಡಿದರೆ ಏಡಿಗೂ ಸಿಗಡಿಗೂ ಮದುವೆ ಮಾಡಿಸಿದ ಹಾಗೆ. ಸುಮಾರು 40 ಕೋಟಿ ವರ್ಷದ್ದು ಎಂದು ಚೀಟಿಯಲ್ಲಿತ್ತು. ಇಡೀ ಕುಲವೇ 25 ಕೋಟಿ ವರ್ಷದ ಹಿಂದೆ ನಿರ್ನಾಮವಾಯಿತು ಎಂದು ಮೇಷ್ಟ್ರು ಹೇಳಿದಾಗ ಶೆಟ್ರ ಒಳಗಿನ ಹೋಟೆಲಿನವರು ಎಚ್ಚರವಾದರು. "ಛೆ, ಇದರ ಗೀ ರೋಸ್ಟ್ ಹೇಗಾಗುತ್ತಿತ್ತೋ!"

ಮಹಡಿಯಲ್ಲಿ ಬಾಡಿಗೆಗಿರುವ ಇಂಜಿನಿಯರಿಂಗ್ ಹುಡುಗ ಕೆಟ್ಟ ಸಮಯಕ್ಕೆ ಕೆಳಗಿಳಿದ. ನಿಟ್ಟೆಯಲ್ಲಿ 1986ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂದ ಮೇಲೆ ನಮ್ಮ ಪ್ರತಿ ಮಹಡಿಯಲ್ಲೂ ಇಂಥ ಒಬ್ಬ ಇರುತ್ತಾನೆ. ಅವನು ಅದನ್ನು ಬೆಳಕಿಗೆ ಹಿಡಿದು, "ಅಂಕಲ್, ಇದರ ಮೈಯಲ್ಲಿ ಗಾಳಿಗುಳ್ಳೆ ಇದೆಯಲ್ಲ" ಎಂದ. ಮೊರಾಕ್ಕೊದಲ್ಲಿ ರಾಳ ಎರಕ ಹೊಯ್ದು, ಬಣ್ಣ ಬಳಿದು ಇಂಥವನ್ನು ಬುಟ್ಟಿಗಟ್ಟಲೆ ಮಾಡುತ್ತಾರಂತೆ. ಪರೀಕ್ಷೆ ಸುಲಭ, ಉಗುರುಬಣ್ಣ ತೆಗೆಯುವ ದ್ರಾವಣ ಹಚ್ಚಿದರೆ ಸಾಕು ಎಂದ. ಶೆಟ್ರ ಸೊಸೆಯ ಬಾಟಲಿ ಬಂತು. ಹತ್ತಿಯಲ್ಲಿ ಅದ್ದಿ ಒಂದು ಸಲ ಎಳೆದದ್ದಷ್ಟೇ, 40 ಕೋಟಿ ವರ್ಷ ತೆರೆದೇ ಇದ್ದ ಕಣ್ಣು ಹತ್ತಿಗೆ ಅಂಟಿಕೊಂಡು ಬಂತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಶೆಟ್ರೇ ಹೇಳಿದರು: "ಗೀ ರೋಸ್ಟ್ ಮಾಡದ್ದು ಒಳ್ಳೆದೇ ಆಯಿತು."

ಈಗ ಭಾವನ ಅಮ್ಮೊನೈಟು. ಇದನ್ನು ಹೇಳಲಿಕ್ಕೇ ಇಷ್ಟೆಲ್ಲ ಪೀಠಿಕೆ.

ಮಡಗಾಸ್ಕರದ್ದು. ನಡುವೆ ಸೀಳಿ ನುಣ್ಣಗೆ ಹೊಳಪು ಕೊಟ್ಟ ಎರಡು ಹೋಳು. ಒಳಗೆ ಸುರುಳಿ ಸುರುಳಿಯಾಗಿ ಕೋಣೆಗಳು, ಪ್ರತಿ ಕೋಣೆಯಲ್ಲೂ ಜೇನುಬಣ್ಣದ ಹರಳು. ಒಂದು ಹೋಳು ಭಾವನ ಶೋಕೇಸಿನಲ್ಲೇ ಉಳಿಯಿತು, ಇನ್ನೊಂದು ನಮ್ಮ ಮಣೆಗೆ ಬಂತು. ಸುಮಾರು 11 ಕೋಟಿ ವರ್ಷದ್ದು ಎಂದಾಗ ಮೇಷ್ಟ್ರು ಕನ್ನಡಕ ತೆಗೆದರು. ನಾವು ಕುರ್ಚಿಯಲ್ಲಿ ಸರಿಯಾಗಿ ಕೂತೆವು. ಆದರೆ ಆ ದಿನ ಅವರು ಹೇಳಿದ್ದು ಕೇಳಿ ನಾನೇ ಬಾಯಿ ತೆರೆದೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪ, ನಮ್ಮವರ ತೋನ್ಸೆಪಾರು, ಅಲ್ಲಿ ಕಂಬ ಕಂಬವಾಗಿ ನಿಂತ ಲಾವಾಶಿಲೆ ಇದೆಯಲ್ಲ, ಅದು ಸುಮಾರು 8.8 ಕೋಟಿ ವರ್ಷದ ಹಿಂದೆ ಭಾರತಕ್ಕೂ ಮಡಗಾಸ್ಕರಕ್ಕೂ ಪಾಲಾದಾಗ ಉಕ್ಕಿದ್ದು. ಅದಕ್ಕೂ ಮೊದಲು ಎರಡೂ ಒಂದೇ ನೆಲ. ಅಂದರೆ ಈ ಅಮ್ಮೊನೈಟು ಬದುಕಿದ್ದಾಗ ಮನೆ ಇನ್ನೂ ಹಿಸೆಯಾಗಿರಲಿಲ್ಲ, ಅದು ಈಜಿದ್ದು ನಮ್ಮ ಹಿತ್ತಿಲಿನಾಚೆಯ ಸಮುದ್ರದಲ್ಲಿ.

"ಹಾಗಾದರೆ ನಾನು ಹಣ ಕೊಟ್ಟು ತಂದದ್ದು ನಮ್ಮದೇ ಸೊತ್ತನ್ನಾ?" ಎಂದರು ಭಾವ.

"ಪಾಲಿನಲ್ಲಿ ಹೋದ ಸೊತ್ತು" ಎಂದರು ಶೆಟ್ರು. ಭೂಮಿಯ ವ್ಯಾಜ್ಯ ಅವರಿಗೆ ಚೆನ್ನಾಗಿ ಗೊತ್ತು.

ಆ ರಾತ್ರಿ ಭಾರೀ ಮಳೆ. ಹೋಳನ್ನು ನಾಳೆ ಒಯ್ಯುತ್ತೇನೆ ಎಂದು ಭಾವ ಮಣೆಯ ಮೇಲೆ ಬಿಟ್ಟುಹೋದರು. ಬೆಳಿಗ್ಗೆ ಎದ್ದು ನೋಡಿದರೆ ಮಣೆ ಇದೆ, ಬೈರಾಸು ಇದೆ, 11 ಕೋಟಿ ವರ್ಷ ಇಲ್ಲ. ದೇವರ ಕೋಣೆಯಿಂದ ಗಂಟೆಯ ಸದ್ದು ಬಂತು. ಇಣುಕಿದರೆ ಹರಿವಾಣದಲ್ಲಿ ನಾಲ್ಕು ಶಾಲಿಗ್ರಾಮಗಳ ಪಕ್ಕ ಐದನೆಯವನಾಗಿ ಮಡಗಾಸ್ಕರದವನು ಕೂತಿದ್ದಾನೆ. ಮೈಮೇಲೆ ತುಳಸಿ. ಎದುರಿಗೆ ಎಂಬತ್ತೆರಡರ ನನ್ನ ಅಮ್ಮ.

"ಚಾವಡಿಯಲ್ಲಿ ಎಂಜಲು ಲೋಟದ ಪಕ್ಕ ಇಟ್ಟಿದ್ದೀರಲ್ಲ, ಬುದ್ಧಿ ಉಂಟಾ ನಿಮಗೆ? ಎಷ್ಟು ಚಂದದ ಚಕ್ರ!" ಎಂದರು.

ಅಮ್ಮನದ್ದು ತಪ್ಪು ಎನ್ನುವ ಹಾಗೂ ಇರಲಿಲ್ಲ. ನಮ್ಮ ಆ ನಾಲ್ಕು ಶಾಲಿಗ್ರಾಮಗಳೂ ಅಮ್ಮೊನೈಟುಗಳೇ. ನೇಪಾಳದಲ್ಲಿ, ಮುಕ್ತಿನಾಥದ ಕಡೆಯ ಕರಿ ಪದರಗಲ್ಲಿನಿಂದ ಕಳಚಿ ಗಂಡಕಿಯಲ್ಲಿ ಉರುಳಿ ಬಂದವು. ಸುಮಾರು 15 ಕೋಟಿ ವರ್ಷದ ಹಿಂದೆ, ಹಿಮಾಲಯ ಇನ್ನೂ ಸಮುದ್ರದ ತಳವಾಗಿದ್ದಾಗ ಈಜುತ್ತಿದ್ದವು. ಮುತ್ತಜ್ಜ ಕಾಶಿಗೆ ನಡೆದು ಹೋದಾಗ ಗೋಸಾಯಿಯೊಬ್ಬರು ಕೊಟ್ಟದ್ದು. ಕ್ರಯಕ್ಕೆ ತಂದದ್ದಲ್ಲ, ತರುವಂತೆಯೂ ಇಲ್ಲ. ವಜ್ರಕೀಟ ಕೊರೆದು ಒಳಗೆ ಚಕ್ರ ಮಾಡುತ್ತದೆ ಎಂದು ಅಜ್ಜ ಹೇಳುತ್ತಿದ್ದರು. ಒಳಗೊಂದು ಪ್ರಾಣಿ ಇತ್ತು ಎನ್ನುವ ತನಕ ಅಜ್ಜನಿಗೂ ಮೇಷ್ಟ್ರಿಗೂ ಜಗಳವಿಲ್ಲ. ಅಮ್ಮೊನೈಟು ಎಂಬ ಹೆಸರೂ ಈಜಿಪ್ಟಿನ ಅಮ್ಮೋನ್ ದೇವರ ಟಗರುಕೊಂಬಿನಿಂದ ಬಂದದ್ದು. ಇಂಗ್ಲೆಂಡಿನ ವಿಟ್ಬಿಯಲ್ಲಿ ಇದನ್ನು ಕಲ್ಲಾದ ಹಾವು ಎಂದು ನಂಬಿ, ಅಂಗಡಿಯವರು ಅದಕ್ಕೆ ಹಾವಿನ ತಲೆ ಕೆತ್ತಿ ಮಾರುತ್ತಿದ್ದರಂತೆ. ಪುಣ್ಯಕ್ಕೆ ಅಂಥದ್ದೊಂದು ನಿಟ್ಟೆಗೆ ಬರಲಿಲ್ಲ. ಬಂದಿದ್ದರೆ ನಾಗಬನ, ಆಶ್ಲೇಷಾ ಬಲಿ, ತಂಬಿಲ ಎಂದು ಭಾವನ ಗಲ್ಫಿನ ಉಳಿತಾಯ ಮುಗಿಯುತ್ತಿತ್ತು.

ಭಾವ ಬಂದು ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದರು: "ಅತ್ತೆ, ಅದು ಗಂಡಕಿಯದ್ದಲ್ಲ. ಮಡಗಾಸ್ಕರ."

ಪುರೋಹಿತರಿಗೆ ಫೋನು ಹೋಯಿತು. ನಾನು ಅವರ ಮೇಲೆ ಭರವಸೆ ಇಟ್ಟಿದ್ದೆ, ಇದು ಶಾಸ್ತ್ರಕ್ಕೆ ಸಲ್ಲದು ಎಂದು ಹೇಳಿಯಾರು ಎಂದು. ಅವರು ಕೇಳಿದ್ದು ಒಂದೇ: "ಸಮುದ್ರದ್ದಾ?" ಹೌದು ಎಂದೆವು. "ಯಾವ ದಿಕ್ಕಿನ ಸಮುದ್ರ?" ಪಶ್ಚಿಮ ಎಂದೆವು, ಸುಳ್ಳಲ್ಲವಲ್ಲ. "ಹಾಗಾದರೆ ದ್ವಾರಕೆಯ ಚಕ್ರಾಂಕಿತದ ಹಾಗೆ ಆಯಿತು. ಅದೂ ಸಮುದ್ರದ ಕಲ್ಲೇ. ಇರಲಿ ಬಿಡಿ." ದ್ವಾರಕೆಯ ಹೆಸರು ಬಂದ ಮೇಲೆ ಉಡುಪಿ ಸೀಮೆಯಲ್ಲಿ ಮೇಲ್ಮನವಿ ಇಲ್ಲ. ನಮ್ಮ ಕೃಷ್ಣ ಬಂದದ್ದೂ ಹೀಗೆಯೇ ಅಲ್ಲವೇ? ದ್ವಾರಕೆಯ ಕಡೆಯಿಂದ ಬಂದ ಹಡಗು ಮಲ್ಪೆಯೆದುರು ಬಿರುಗಾಳಿಗೆ ಸಿಕ್ಕಿತು, ಮಧ್ವಾಚಾರ್ಯರು ದಡ ಮುಟ್ಟಿಸಿದರು, ಪ್ರತಿಯಾಗಿ ಹಡಗಿನಲ್ಲಿ ಭಾರಕ್ಕೆಂದು ಹೇರಿದ್ದ ಗೋಪೀಚಂದನದ ಗಟ್ಟಿ ಕೇಳಿ ಪಡೆದರು, ಒಡೆದರೆ ಒಳಗೆ ಕೃಷ್ಣ. ಇದನ್ನು ಕೇಳಿ ಮೇಷ್ಟ್ರು ಸಂತೋಷಪಟ್ಟು, ಅಮ್ಮೊನೈಟು ಹುಡುಕುವವರೂ ಉಂಡೆಗಲ್ಲನ್ನು ಸುತ್ತಿಗೆಯಿಂದ ಹಾಗೇ ಒಡೆಯುವುದು ಎಂದರು. ಭಾವ ಅವರನ್ನು ಕೊಲ್ಲುವ ಹಾಗೆ ನೋಡಿದರು.

ಈಗ ನಮ್ಮ ಕೂಟದ ಅತಿ ಬೆಲೆಬಾಳುವ ವಸ್ತುವನ್ನು ನೋಡಬೇಕಾದರೆ ಭಾನುವಾರ ಸಂಜೆ ಬಂದು ಪ್ರಯೋಜನವಿಲ್ಲ. ಬೆಳಿಗ್ಗೆ ಸ್ನಾನ ಮಾಡಿ ಬರಬೇಕು, ಮಂಗಳಾರತಿಯ ಬೆಳಕಿನಲ್ಲಿ ದೂರದಿಂದ ನೋಡಬೇಕು, ತೀರ್ಥ ತೆಗೆದುಕೊಂಡು ಹೋಗಬೇಕು. ಭೂತಗನ್ನಡಿ ಒಳಗೆ ತರುವಂತಿಲ್ಲ. ಪೂಜೆ ಮಾಡುವವನು ನಾನಾದ್ದರಿಂದ ಅಭಿಷೇಕದ ಹೊತ್ತಿಗೆ ಹತ್ತಿರದಿಂದ ನೋಡುವ ಅವಕಾಶ ನನಗೊಬ್ಬನಿಗೇ. ಹಾಲು ಬಿದ್ದಾಗ ಆ ಜೇನುಬಣ್ಣದ ಕೋಣೆಗಳು ಒಂದೊಂದಾಗಿ ಬೆಳಗುವುದನ್ನು ಭಾವನಿಗೆ ಫೋನಿನಲ್ಲಿ ವರ್ಣಿಸುತ್ತೇನೆ. ಅವರು ಏನೂ ಹೇಳದೆ ಫೋನು ಇಡುತ್ತಾರೆ.

ಹೋದ ವಾರ ತೀರ್ಥ ಕೊಡುತ್ತ ಅಮ್ಮ ಅಂದರು: "ಒಂದು ಚಿಂತೆ ನನಗೆ. ನಾಲ್ಕಿದ್ದದ್ದು ಐದಾಯಿತು. ಶಾಲಿಗ್ರಾಮ ಬೆಸ ಸಂಖ್ಯೆಯಲ್ಲಿ ಇರಬಾರದು."

ಭಾವನ ಮುಖ ಅರಳಿತು. ತೆಗೆದುಕೊಂಡು ಹೋಗಲೆಂದು ಕೈ ಮುಂದೆ ಚಾಚಿಯೂ ಆಯಿತು. ಅಷ್ಟರಲ್ಲಿ ಶೆಟ್ರು, ಕಣ್ಣು ಕಳಕೊಂಡ ಟ್ರೈಲೊಬೈಟಿನ ದುಃಖ ಇನ್ನೂ ಆರದ ಶೆಟ್ರು, ಅಂಗಳದಿಂದಲೇ ಕೂಗಿ ಹೇಳಿದರು: "ಅಮ್ಮಾ, ಇದರದ್ದೇ ಇನ್ನೊಂದು ಹೋಳು ಇವರ ಶೋಕೇಸಿನಲ್ಲಿ ಉಂಟು!"

ಈ ಭಾನುವಾರ ಭಾವ ಬೆಳಿಗ್ಗೆ ಎಂಟಕ್ಕೇ ಬಂದರು. ಕೈಯಲ್ಲಿ ಬೈರಾಸು ಸುತ್ತಿದ ಗಂಟು. ಚಾವಡಿಯಲ್ಲಿ ಕೂರಲಿಲ್ಲ, ಚಹಾ ಕೇಳಲಿಲ್ಲ. ಜಗಲಿಯಲ್ಲಿದ್ದ ಶೆಟ್ರು ರೂಢಿಯಂತೆ "ಎಷ್ಟು ಕೊಟ್ಟದ್ದು?" ಎಂದು ಕೇಳಿದರು. "ದೇವರಿಗೆ ಕ್ರಯ ಕೇಳುವುದಾ ಶೆಟ್ರೆ!" ಎಂದು ಒಳಗಿನಿಂದ ಅಮ್ಮ ಗದರಿದರು. ಭಾವ ಗಂಟನ್ನು ತುಳಸಿಕಟ್ಟೆಯ ಮೇಲಿಟ್ಟು, ಅಂಗಿ ಕಳಚಿ, ಬಾವಿಕಟ್ಟೆಯ ಕಡೆ ನಡೆದರು.