ಚಂದಾ ಗಡ್ಡದ ಗೃಹಸ್ಥರು

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ, ವರ್ಷಕ್ಕೆ ಲಕ್ಷ ಡಾಲರಿಗೂ ಮಿಗಿಲಾಗಿ ಸಂಪಾದಿಸುತ್ತಿದ್ದರೂ ಆ ಸಂಪಾದನೆಯ ಬಗ್ಗೆ ಯಾರ ಮುಂದೆಯೂ ಬಾಯಿಬಿಡದೆ, ಗಡ್ಡ ಬೋಳಿಸುವ ಬಾಬತ್ತಿನಲ್ಲಿ ತಿಂಗಳಿಗೆ ಉಳಿಸಿದ ನಾಲ್ಕು ಡಾಲರನ್ನು ಮಾತ್ರ ಕಂಡಕಂಡವರಿಗೆಲ್ಲ ವಿವರಿಸುವ ಒಂದು ವರ್ಗವುಂಟು. ಈ ವರ್ಗದವರನ್ನು ಚಂದಾ ಗಡ್ಡದ ಗೃಹಸ್ಥರು ಎಂದು ಕರೆಯುವುದು ಉಚಿತ. ಚಂದಾ ಎಂದರೆ ಇಲ್ಲಿಯೂ ವಾರಪತ್ರಿಕೆಗೆ ಕಟ್ಟುವ ಚಂದಾದಂಥದೇ ಏರ್ಪಾಡು. ಪತ್ರಿಕೆಯ ಬದಲು ಗೊತ್ತುಪಡಿಸಿದ ಅವಧಿಗೊಮ್ಮೆ ರೇಜರಿನ ಅಲಗುಗಳ ಪುಟ್ಟ ಡಬ್ಬಿಯೊಂದು ಅಂಚೆಯಲ್ಲಿ ಮನೆಬಾಗಿಲಿಗೆ ಬಂದು ಬೀಳುತ್ತದೆ, ಅದರ ಬೆಲೆ ಕ್ರೆಡಿಟ್ ಕಾರ್ಡಿನಿಂದ ತಾನಾಗಿಯೇ ಕಡಿತವಾಗುತ್ತದೆ. ಓದದೆ ಉಳಿದ ಪತ್ರಿಕೆಯನ್ನು ರದ್ದಿಯವನಿಗಾದರೂ ಹಾಕಬಹುದು. ಬಳಸದೆ ಉಳಿದ ಅಲಗಿಗೆ ಆ ಸದ್ಗತಿಯೂ ಇಲ್ಲ.

ಇವರ ನಡವಳಿಕೆಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಇವರು ಹುಟ್ಟಿ ಬೆಳೆದ ಮನೆಯ ಬಚ್ಚಲನ್ನು ನೋಡಬೇಕು. ಹಾಸನದಲ್ಲಿಯೋ ತುಮಕೂರಿನಲ್ಲಿಯೋ ಇದ್ದ ಆ ಮನೆಯಲ್ಲಿ ತಂದೆಯವರದು ಒಂದೇ ಒಂದು ಸೇಫ್ಟಿ ರೇಜರ್, ಅಂದರೆ ಎರಡಂಚಿನ ತೆಳುವಾದ ಬ್ಲೇಡನ್ನು ಲೋಹದ ತಲೆಯೊಳಗಿಟ್ಟು ತಿರುಪಿನಿಂದ ಬಿಗಿಯುವ ಸಾಧನ, ಇದ್ದು ಅದು ಅವರ ನಿವೃತ್ತಿಯವರೆಗೂ ಸೇವೆ ಸಲ್ಲಿಸಿತು. ಬ್ಲೇಡು ಮೊಂಡಾದರೆ ಗಾಜಿನ ಲೋಟದ ಒಳಮೈಗೆ ಅದನ್ನು ಒತ್ತಿ ಅತ್ತಿತ್ತ ತಿಕ್ಕಿ ಇನ್ನಷ್ಟು ದಿನ ದುಡಿಸುತ್ತಿದ್ದರು. ಗಡ್ಡದ ಕೆಲಸದಿಂದ ಬಿಡುಗಡೆಯಾದ ಮೇಲೂ ಅದು ಹೊಲಿಗೆ ಬಿಚ್ಚುವುದಕ್ಕೆ ತಾಯಿಯ ಕೈಗೆ, ಆಮೇಲೆ ಪೆನ್ಸಿಲ್ ಚೂಪು ಮಾಡುವುದಕ್ಕೆ ಮಕ್ಕಳ ಕೈಗೆ ದಾಟುತ್ತಿತ್ತು. ಒಂದು ಬ್ಲೇಡಿಗೆ ಇಷ್ಟೊಂದು ಹುದ್ದೆಗಳಿದ್ದ ಮನೆಯಿಂದ ಬಂದವರ ಕೈಗೆ ಅಮೆರಿಕವು ಮೊದಲು ಕೊಟ್ಟದ್ದು ಬಳಸಿ ಬಿಸಾಡುವ ರೇಜರನ್ನು.

ಹಿಡಿಯೂ ಅಲಗೂ ಒಂದೇ ತುಂಡಾಗಿರುವ, ಅಲಗು ಮೊಂಡಾದೊಡನೆ ಹಿಡಿಸಮೇತ ಕಸದ ಬುಟ್ಟಿ ಸೇರಬೇಕಾದ ಈ ಪ್ಲಾಸ್ಟಿಕ್ ವಸ್ತುವನ್ನು ಫ್ರಾನ್ಸಿನ ಬಿಕ್ ಕಂಪನಿ 1970ರ ದಶಕದ ಮಧ್ಯದಲ್ಲಿ ಮಾರುಕಟ್ಟೆಗೆ ತಂದಿತು. 1976ರಲ್ಲಿ ಜಿಲೆಟ್ ಕಂಪನಿಯೂ ತನ್ನದೊಂದನ್ನು ಅಮೆರಿಕದಲ್ಲಿ ಮಾರತೊಡಗಿತು. ಅದರಲ್ಲಿ ಬಳಸುವ ಭಾಗವನ್ನು ನಮ್ಮ ಗೃಹಸ್ಥರು ಸುಲಭವಾಗಿ ಕಲಿತರು, ಬಿಸಾಡುವ ಭಾಗ ಮಾತ್ರ ಅವರ ಕೈಯಲ್ಲಿ ಆಗಲೇ ಇಲ್ಲ. ಹನ್ನೆರಡರ ಒಂದು ಕಟ್ಟನ್ನು ಕೊಂಡರೆ ಅದು ವರ್ಷವಿಡೀ ನಡೆಯುತ್ತಿತ್ತು, ಮತ್ತು "ರೀ, ಮುಖಕ್ಕೆ ಏನು ಮಾಡ್ಕೊಂಡ್ರಿ?" ಎಂದು ಹೆಂಡತಿ ಕೇಳಿದ ದಿನವನ್ನೇ ಹಳೆಯ ರೇಜರಿನ ಕೊನೆಯ ದಿನವೆಂದು ನಿಗದಿಪಡಿಸಲಾಗಿತ್ತು.

ಕೆನ್ನೆಯ ಈ ಸ್ಥಿತಿಯಿಂದ ಮೇಲೇರಬೇಕೆಂದು ಔಷಧದಂಗಡಿಗೆ ಹೋದರೆ ಅಲ್ಲಿಯ ನೋಟವೇ ಬೇರೆ. ಹಿಡಿಯನ್ನು ಉಳಿಸಿಕೊಂಡು ತಲೆಯನ್ನು ಮಾತ್ರ ಬದಲಾಯಿಸುವ ರೇಜರುಗಳಿಗೆ ಬೇಕಾದ, ಕಾರ್ಟ್ರಿಡ್ಜ್ ಎಂದು ಕರೆಯಲ್ಪಡುವ ಅಲಗಿನ ತಲೆಗಳು ಎಷ್ಟು ದುಬಾರಿಯೆಂದರೆ, ಕಳ್ಳರಿಗೆ ಹೆದರಿ ಅನೇಕ ಅಂಗಡಿಗಳಲ್ಲಿ ಅವನ್ನು ಬೀಗ ಹಾಕಿದ ಕಪಾಟಿನಲ್ಲಿ ಇಟ್ಟಿರುತ್ತಾರೆ. ಗಿರಾಕಿ ಗಂಟೆ ಒತ್ತಿ, ಸಿಬ್ಬಂದಿ ಬೀಗದ ಕೈ ತರುವವರೆಗೆ ಅಪರಾಧಿಯಂತೆ ಕಾಯಬೇಕು. ಈ ವ್ಯಾಪಾರದ ಬೇರು ಹಳೆಯದು. ಕಿಂಗ್ ಕ್ಯಾಂಪ್ ಜಿಲೆಟ್ ಎಂಬಾತ ಬಾಸ್ಟನ್ನಿನಲ್ಲಿ ಮಾರಾಟ ಶುರು ಮಾಡಿದ 1903ರಲ್ಲಿ ಹೋದದ್ದು 51 ರೇಜರು, 168 ಬ್ಲೇಡು ಮಾತ್ರ. ಆದರೆ ಹಿಡಿಯನ್ನು ಒಮ್ಮೆ ಕೊಂಡವನು ಅಲಗಿಗಾಗಿ ಆಯುಷ್ಯವಿಡೀ ಮರಳಿ ಬರಲೇಬೇಕು ಎಂಬ ಸತ್ಯವು ಆ ಸಣ್ಣ ಲೆಕ್ಕದಲ್ಲಿಯೇ ಅಡಗಿತ್ತು. ಮುಂದೆ ಅಲಗುಗಳ ಸಂಖ್ಯೆಯೇ ಪೈಪೋಟಿಯ ವಿಷಯವಾಗಿ, 1971ರಲ್ಲಿ ಎರಡು, 1998ರಲ್ಲಿ ಮೂರು, ಪ್ರತಿಸ್ಪರ್ಧಿ ಶಿಕ್ ಕಂಪನಿಯಿಂದ 2003ರಲ್ಲಿ ನಾಲ್ಕು ಎಂದು ಏರುತ್ತ ಹೋಯಿತು. ಇನ್ನು ಐದಲಗಿನದನ್ನೇ ಮಾಡಿಬಿಡುತ್ತೇವೆ ಎಂದು ಜಿಲೆಟ್ ಕಂಪನಿಯ ಮುಖ್ಯಸ್ಥರು ಅಬ್ಬರಿಸುವಂತೆ ದಿ ಆನಿಯನ್ ಎಂಬ ವಿಡಂಬನ ಪತ್ರಿಕೆಯು 2004ರಲ್ಲಿ ಗೇಲಿಯ ಲೇಖನ ಬರೆದರೆ, 2006ರಲ್ಲಿ ಜಿಲೆಟ್ ನಿಜವಾಗಿಯೂ ಐದಲಗಿನ ಫ್ಯೂಷನ್ ರೇಜರನ್ನು ಅಂಗಡಿಗೆ ಇಳಿಸಿತು. ಇಂಥ ಉದ್ಯಮದಲ್ಲಿ ಹಾಸ್ಯ ಬರೆಯುವವರ ಪಾಡು ಕಷ್ಟದ್ದು.

ಚಂದಾ ಪದ್ಧತಿ ಹುಟ್ಟಿದ್ದು ಈ ಬೀಗದ ಕಪಾಟಿನ ಎದುರು ನಿಂತವರ ಸಿಟ್ಟಿನಿಂದಲೇ. 2011ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಡಾಲರ್ ಶೇವ್ ಕ್ಲಬ್, 2012ರ ಮಾರ್ಚಿನಲ್ಲಿ ಅದರ ಸಂಸ್ಥಾಪಕ ಮೈಕೆಲ್ ಡ್ಯೂಬಿನ್ ತಾವೇ ನಟಿಸಿದ ಒಂದು ತಮಾಷೆಯ ವಿಡಿಯೊದಿಂದ ದಿನ ಬೆಳಗಾಗುವುದರೊಳಗೆ ಮನೆಮಾತಾಯಿತು. 2016ರಲ್ಲಿ ಯೂನಿಲಿವರ್ ಅದನ್ನು ಸುಮಾರು ನೂರು ಕೋಟಿ ಡಾಲರಿಗೆ ಕೊಂಡುಕೊಂಡಿತೆಂದು ವರದಿಯಾಯಿತು. ಮೊದಲ ದಿನಗಳಲ್ಲಿ ಅದರ ಅಗ್ಗದ ಯೋಜನೆಯಲ್ಲಿ ತಿಂಗಳಿಗೆ ಒಂದು ಡಾಲರಿಗೆ ಎರಡಲಗಿನ ಐದು ತಲೆಗಳು ಸಿಗುತ್ತಿದ್ದವು, ಅವನ್ನು ಕಳಿಸುವ ಖರ್ಚು ಮಾತ್ರ ಎರಡು ಡಾಲರ್ ಬೇರೆ. ಒಂದು ಡಾಲರಿನ ಮಾಲಿಗೆ ಮೂರು ಡಾಲರ್ ತೆತ್ತು ಉಳಿತಾಯ ಮಾಡಿದೆನೆಂದು ಹಿಗ್ಗುವುದಕ್ಕೆ ಒಂದು ವಿಶೇಷ ಮನೋಧರ್ಮ ಬೇಕು. ಆ ಅಲಗುಗಳನ್ನು ತಯಾರಿಸುತ್ತಿದ್ದದ್ದು ದಕ್ಷಿಣ ಕೊರಿಯಾದ ಡಾರ್ಕೊ ಕಂಪನಿ, ಅಂಥವೇ ಅಲಗುಗಳನ್ನು ಡಾರ್ಕೊ ತಾನೂ ಅಮೆರಿಕದಲ್ಲಿ ನೇರವಾಗಿ ಮಾರುತ್ತಿತ್ತು ಎಂಬ ಸಂಗತಿಯನ್ನು ನಮ್ಮ ಗೃಹಸ್ಥರ ಮುಂದೆ ಎತ್ತುವುದು ಸೌಜನ್ಯವಲ್ಲ.

ಗೃಹಸ್ಥರು ಸೇರಿದ ಚಂದಾ ಯಾವ ಕಂಪನಿಯದೆಂಬುದು ಇಲ್ಲಿ ಅಪ್ರಸ್ತುತ. ಮುಖ್ಯವಾದದ್ದು ಅವರು ಕಂಪ್ಯೂಟರಿನಲ್ಲಿ ಸಿದ್ಧಪಡಿಸಿರುವ ಲೆಕ್ಕದ ಹಾಳೆ. ಅದರ ಒಂದು ಕಾಲಮಿನಲ್ಲಿ ಚಂದಾದ ವೆಚ್ಚವೂ ಮತ್ತೊಂದರಲ್ಲಿ ಬೀಗದ ಕಪಾಟಿನ ಐದಲಗಿನ ಕಾರ್ಟ್ರಿಡ್ಜಿನ ವೆಚ್ಚವೂ ಇದ್ದು, ಎರಡರ ವ್ಯತ್ಯಾಸವು ಹಸಿರು ಬಣ್ಣದಲ್ಲಿ ಹೊಳೆಯುತ್ತದೆ. ಲೆಕ್ಕದಲ್ಲಿ ಒಂದು ಪೈಸೆಯ ತಪ್ಪೂ ಇಲ್ಲ. ಇರುವ ತೊಡಕು ಒಂದೇ, ಬೀಗದ ಕಪಾಟಿನ ಆ ಕಾರ್ಟ್ರಿಡ್ಜನ್ನು ಅವರು ಜನ್ಮದಲ್ಲಿ ಒಮ್ಮೆಯೂ ಕೊಂಡವರಲ್ಲ. ಅವರು ಬಿಟ್ಟುಬಂದದ್ದು ಅಗ್ಗದ ಬಿಸಾಡುವ ರೇಜರನ್ನು, ಆ ಕಾಲಮನ್ನು ಹಾಕಿದರೆ ಹಸಿರು ಅಂಕಿ ಕೆಂಪಾಗುತ್ತದೆ. ಹೀಗಾಗಿ ಆ ಕಾಲಮು ಹಾಳೆಯಲ್ಲಿಲ್ಲ. ಎಂದೂ ಖರ್ಚು ಮಾಡದ ಹಣವನ್ನು ಉಳಿಸುವ ಈ ವಿದ್ಯೆ ಗಡ್ಡಕ್ಕಷ್ಟೇ ಸೀಮಿತವಲ್ಲವೆಂದು ಅವರ ಹೆಂಡತಿಯ ಅಭಿಪ್ರಾಯ. ಆಕೆ ಆ ಮಾತನ್ನು ಒಮ್ಮೆ ಮಾತ್ರ ಆಡಿ ಸುಮ್ಮನಾದರು. ಉತ್ತರವಾಗಿ, ಕೂದಲು ಉಕ್ಕಿಗಿಂತ ಸುಮಾರು ಐವತ್ತು ಪಟ್ಟು ಮೆತ್ತಗಿದ್ದರೂ ಅಲಗಿನ ಅಂಚಿನಲ್ಲಿ ಹೇಗೆ ಚಕ್ಕೆ ಎಬ್ಬಿಸಬಲ್ಲದೆಂದು ಎಂಐಟಿಯ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಸಂಶೋಧನೆಯ ವಿವರಣೆಯನ್ನು ಊಟ ಮುಗಿಯುವವರೆಗೂ ಕೇಳಬೇಕಾಯಿತು.

ಯುಗಾದಿಗೋ ರಾಜ್ಯೋತ್ಸವಕ್ಕೋ ಕನ್ನಡ ಕೂಟ ಸೇರಿದಾಗ ಈ ವಿದ್ಯೆಯ ಪ್ರಚಾರ ನಡೆಯುತ್ತದೆ. ಬಿಸಿಬೇಳೆಭಾತಿಗೂ ಮೊಸರನ್ನಕ್ಕೂ ನಡುವೆ ಸಿಗುವ ಬಿಡುವಿನಲ್ಲಿ ಎದುರಿಗಿದ್ದವರ ಕೆನ್ನೆಯನ್ನು ಪರಿಶೀಲಿಸಿ, "ನೀವಿನ್ನೂ ಅಂಗಡೀಲೇ ತಗೋತಿದೀರಾ?" ಎಂದು ಮರುಕದಿಂದ ಕೇಳಿ, ತಮ್ಮ ಹೆಸರು ಹೇಳಿ ಸೇರಿದರೆ ಮೊದಲ ಡಬ್ಬಿ ಬಿಟ್ಟಿ ಎಂದು ತಿಳಿಸುತ್ತಾರೆ. ಹಾಗೆ ಯಾರಾದರೂ ಸೇರಿದರೆ ಇವರಿಗೂ ಒಂದು ಡಬ್ಬಿ ಬಿಟ್ಟಿಯಾಗಿ ಬರುತ್ತದೆಂಬುದನ್ನು ತಿಳಿಸುವ ಹೊತ್ತಿಗೆ ಸಾಮಾನ್ಯವಾಗಿ ಪಾಯಸ ಬಂದಿರುತ್ತದೆ.

ಆದರೆ ಇವರಿಗೆ ಎಲ್ಲಕ್ಕಿಂತ ಬೇಡವಾದದ್ದು ಇನ್ನೊಂದು ಡಬ್ಬಿಯೇ. ವಾರಕ್ಕೊಂದು ತಲೆ ಸವೆಯುತ್ತದೆ ಎಂಬ ಲೆಕ್ಕದಲ್ಲಿ ಕಂಪನಿ ತಿಂಗಳಿಗೆ ನಾಲ್ಕನ್ನು ಕಳಿಸುತ್ತದೆ. ಕಂಪನಿಗೆ ಪಂಚಾಂಗ ಗೊತ್ತಿಲ್ಲ. ಊರಿನಲ್ಲಿರುವ ತಾಯಿಗೆ ಕೊಟ್ಟ ಮಾತಿನ ಪ್ರಕಾರ ಗೃಹಸ್ಥರು ಮಂಗಳವಾರ, ಶುಕ್ರವಾರ ಗಡ್ಡಕ್ಕೆ ಕೈಹಚ್ಚುವುದಿಲ್ಲ, ಅಮಾವಾಸ್ಯೆಯಂದು ಹೇಗೂ ಇಲ್ಲ. ಶನಿವಾರ, ಭಾನುವಾರ ರಜೆಯಾದ್ದರಿಂದ ಅಗತ್ಯವಿಲ್ಲ. 2020ರಿಂದೀಚೆಗೆ ಕಚೇರಿಯೇ ಮನೆಗೆ ಬಂದಮೇಲೆ, ಮೇಲಧಿಕಾರಿ ಕ್ಯಾಮೆರಾ ತೆರೆಯಲು ಹೇಳುವ ದಿನ ಮಾತ್ರ ಮುಖಕ್ಕೆ ಕೆಲಸ. ಹೆಂಡತಿ ಬಸುರಿಯಾಗಿದ್ದಾಗ ಗಂಡ ಗಡ್ಡ ತೆಗೆಯಬಾರದೆಂಬ, ಅನೇಕ ಮನೆತನಗಳಲ್ಲಿ ಇಂದಿಗೂ ಉಳಿದಿರುವ ನಿಯಮವನ್ನು ಅವರು ಎರಡು ಸಲ ಪಾಲಿಸಿದರು, ಆ ತಿಂಗಳುಗಳಲ್ಲಿಯೂ ಡಬ್ಬಿಗಳು ತಪ್ಪದೆ ಬಂದವು. ಇದೆಲ್ಲದರ ಮೇಲೆ, ಗಾಜಿನ ಲೋಟದ ಸಂಸ್ಕಾರವಿರುವ ಕೈಯಾದ್ದರಿಂದ ವಾರಕ್ಕೊಂದೆಂದು ಬಂದ ತಲೆಯನ್ನು ಎರಡು ತಿಂಗಳಾದರೂ ಬಳಸದೆ ಎಸೆಯುವುದು ಸಾಧ್ಯವಿಲ್ಲ. ಬಚ್ಚಲುಮನೆಯ ಕೈತೊಳೆಯುವ ತೊಟ್ಟಿಯ ಕೆಳಗಿನ ಕಪಾಟು ತುಂಬಿ, ಡಬ್ಬಿಗಳು ಅಲ್ಲಿಂದ ಹಾಸಿಗೆಬಟ್ಟೆಯ ಕಪಾಟಿಗೂ, ಅಲ್ಲಿಂದ ಗ್ಯಾರೇಜಿಗೂ ವಲಸೆ ಹೋಗಿರುವುದಕ್ಕೆ ಕಾರಣ ಇಷ್ಟೇ.

ಚಂದಾ ನಿಲ್ಲಿಸಬಹುದಲ್ಲ ಎಂಬ ಪ್ರಶ್ನೆ ಸಹಜ. ಸೇರುವುದಕ್ಕೆ ಒಂದು ಗುಂಡಿ, ಬಿಡುವುದಕ್ಕೆ ಹತ್ತು ಬಾಗಿಲು ಎಂಬಂಥ ಚಂದಾ ವ್ಯವಹಾರಗಳ ವಿರುದ್ಧ ದೂರುಗಳು ಎಲ್ಲ ಕಡೆಯೂ ಇವೆ. ಭಾರತ ಸರ್ಕಾರ 2023ರ ನವೆಂಬರಿನಲ್ಲಿ ಪಟ್ಟಿ ಮಾಡಿದ 13 ಬಗೆಯ ವ್ಯಾಪಾರಿ ಕುಟಿಲತೆಗಳಲ್ಲಿ ಚಂದಾ ಬಲೆಯೂ ಒಂದು, ಮತ್ತು ಅಮೆರಿಕದ ವ್ಯಾಪಾರ ಆಯೋಗವು ಸೇರಿದಷ್ಟೇ ಸುಲಭವಾಗಿ ಬಿಡಲು ಅವಕಾಶವಿರಬೇಕೆಂದು 2024ರಲ್ಲಿ ಮಾಡಿದ ನಿಯಮವನ್ನು ಅಲ್ಲಿಯ ನ್ಯಾಯಾಲಯ 2025ರಲ್ಲಿ ರದ್ದುಪಡಿಸಿತು. ಆ ತೀರ್ಪಿನ ಬಗ್ಗೆ ಗೃಹಸ್ಥರು ಬಹಳ ಕೋಪಗೊಂಡರು. ಹಾಗೆಂದು ತಮ್ಮ ಚಂದಾವನ್ನು ನಿಲ್ಲಿಸುವ ಪ್ರಯತ್ನವನ್ನು ಅವರು ಒಮ್ಮೆಯೂ ಮಾಡಿದವರಲ್ಲ, ಏಕೆಂದರೆ ನಿಲ್ಲಿಸಿದ ದಿನವೇ ಉಳಿತಾಯವೂ ನಿಂತುಹೋಗುತ್ತದೆ.

ಕಡೆಗೆ ದಾರಿ ತೋರಿಸಿದ್ದು ಊರಿನ ಪ್ರಯಾಣ. ಪ್ರತಿ ಸಲವೂ ಸೂಟ್‌ಕೇಸಿನಲ್ಲಿ ಬಾದಾಮಿ, ಚಾಕೊಲೇಟುಗಳ ಸಂದಿಯಲ್ಲಿ ಅಲಗಿನ ಡಬ್ಬಿಗಳನ್ನು ತುಂಬಿಸಿಕೊಂಡು ಬಂದು ಬಂಧುಗಳಿಗೆಲ್ಲ ಹಂಚತೊಡಗಿದರು. ಶಿವಮೊಗ್ಗದಲ್ಲಿರುವ ಮಾವನವರು ಬಳಸುತ್ತಿದ್ದದ್ದು, ಜಿಲೆಟ್ ಕಂಪನಿಯೇ ಭಾರತದ ಗಿರಾಕಿಗಾಗಿ ರೂಪಿಸಿ 2010ರಲ್ಲಿ 15 ರೂಪಾಯಿಗೆ ತಂದ, ತಲೆಯೊಂದಕ್ಕೆ 5 ರೂಪಾಯಿ ಬೆಲೆಯಿದ್ದ ಒಂಟಿ ಅಲಗಿನ ರೇಜರನ್ನು. ಅಳಿಯಂದಿರು ಕೊಟ್ಟ ಆರಲಗಿನ ತಲೆ ಆ ಹಿಡಿಗೆ ಕೂರಲಿಲ್ಲ. ಪ್ರತಿ ಕಂಪನಿಯ ಹಿಡಿಗೂ ಆ ಕಂಪನಿಯ ತಲೆಯೇ ಬೇಕೆಂಬುದು ಈ ಉದ್ಯಮದ ಮೂಲಮಂತ್ರ. ಮುಂದಿನ ಸಲ ಹಿಡಿಯನ್ನೂ ತಂದುಕೊಟ್ಟರು, ಅಷ್ಟರಲ್ಲಿ ಕಂಪನಿ ಹಿಡಿಯ ವಿನ್ಯಾಸವನ್ನು ಬದಲಾಯಿಸಿತ್ತು, ಹಳೆಯ ತಲೆಗಳು ಹೊಸ ಹಿಡಿಗೂ ಕೂರಲಿಲ್ಲ. ಅಳಿಯಂದಿರು ಅಮೆರಿಕದಿಂದ ತಂದದ್ದನ್ನು ಎಸೆಯಲಾಗದೆ, ಬಳಸಲಾಗದೆ, ಮಾವನವರು ಅವನ್ನು ನಡುಮನೆಯ ಷೋಕೇಸಿನಲ್ಲಿ ಚನ್ನಪಟ್ಟಣದ ಗೊಂಬೆಗಳ ಪಕ್ಕ ಸಾಲಾಗಿ ಇಟ್ಟು, ತಾವು ಎಂದಿನಂತೆ ಒಂಟಿ ಅಲಗಿನದನ್ನೇ ಮುಂದುವರಿಸಿದ್ದಾರೆ. ಅವರ ಕೆನ್ನೆ ಅಳಿಯನ ಕೆನ್ನೆಗಿಂತ ನುಣುಪಾಗಿದೆಯೆಂಬುದು ಮನೆಯವರೆಲ್ಲರೂ ಒಪ್ಪುವ, ಯಾರೂ ಬಾಯಿಬಿಟ್ಟು ಹೇಳದ ಸಂಗತಿ.

ಓದುಗರ ಬಂಧುಬಳಗದಲ್ಲಿಯೂ ಇಂಥ ಗೃಹಸ್ಥರೊಬ್ಬರು ಇರುವ ಸಂಭವ ಹೆಚ್ಚು. ಈ ಬೇಸಿಗೆಯಲ್ಲಿ ಅವರು ಊರಿಗೆ ಬಂದು ಪುಟ್ಟ ಡಬ್ಬಿಯೊಂದನ್ನು ಕೈಗಿಡಲು ಮುಂದಾದರೆ ಬೇಡವೆಂದು ನೋಯಿಸಬಾರದು. ಹಿಡಿ ಎಲ್ಲಿ ಎಂದು ಮೊದಲು ಕೇಳಿ ಆಮೇಲೆ ತೆಗೆದುಕೊಳ್ಳಬೇಕು.