ಕೂತಲ್ಲೇ ತೆರಿಗೆ

ನಮ್ಮ ಕಡೆ ‘ಫಾರಿನ್ ದುಡ್ಡು’ ಅಂದರೆ ಗಲ್ಫಿನ ದುಡ್ಡು. ಅದಕ್ಕೆ ತೆರಿಗೆ ತಾಗುವುದಿಲ್ಲ ಎಂಬುದು ವೇಣೂರು ಪೇಟೆಯ ಯಾವ ಜಗಲಿಯಲ್ಲಿ ವಿಚಾರಿಸಿದರೂ ಗೊತ್ತು. ಹಾಗಾಗಿ, ಅಮೆರಿಕದ ಕಂಪೆನಿಗೆ ಸಾಫ್ಟ್‌ವೇರ್ ಬರೆದುಕೊಡುವ ನಾನು ಮಾರ್ಚ್ 15ರೊಳಗೆ ಮುಂಗಡ ತೆರಿಗೆ ಕಟ್ಟಬೇಕು ಅಂದಾಗ ಚಿಕ್ಕಪ್ಪನಿಗೆ ತಡೆಯಲಾಗಲಿಲ್ಲ. “ನಿನಗೆಂತ ಮರ್ಲಾ? ದುಬೈಯ ಬಾವ ಒಂದು ಪೈಸೆ ಕಟ್ಟುವುದಿಲ್ಲ!”

ಬಾವ ದುಬೈಯಲ್ಲೇ ಕೂತು ದುಡಿಯುತ್ತಾರೆ. ನಾನು ಕೂತದ್ದು ಫಲ್ಗುಣಿ ಹೊಳೆಯ ಬದಿಯ ಚಾವಡಿಯಲ್ಲಿ. ಡಾಲರು ಎಲ್ಲಿಂದ ಬಂತೆಂದಲ್ಲ, ದುಡಿದವನ ಬೆನ್ನು ಯಾವ ದೇಶದ ಕುರ್ಚಿಗೆ ಒರಗಿದೆ ಎಂದು ಕಾನೂನು ನೋಡುತ್ತದೆ. ವರ್ಷದಲ್ಲಿ 182 ದಿನ ಇಲ್ಲಿದ್ದರೆ ಜಗತ್ತಿನ ಯಾವ ಮೂಲೆಯ ಸಂಪಾದನೆಗೂ ಇಲ್ಲೇ ಲೆಕ್ಕ.

ಅಮೆರಿಕವೂ ಇದನ್ನು ಒಪ್ಪುತ್ತದೆ, ಬರೆದುಕೊಟ್ಟರೆ. ಡಬ್ಲ್ಯು-8ಬೆನ್ ಎಂಬ ಫಾರ್ಮಿನಲ್ಲಿ ನಾನು ಅಮೆರಿಕದವನಲ್ಲ ಎಂದು ಸಹಿ ಹಾಕಬೇಕು. ಸಹಿಯ ವರ್ಷದ ನಂತರ ಮೂರು ವರ್ಷಕ್ಕೆ ಅದರ ಅವಧಿ ತೀರುತ್ತದೆ. ಅಷ್ಟರಲ್ಲಿ ಇವನೆಲ್ಲಿ ನಮ್ಮವನಾಗಿಬಿಡುತ್ತಾನೋ ಎಂಬ ಗುಮಾನಿ ಇರಬೇಕು. ವಿಳಾಸಕ್ಕೆ ಬೀದಿ, ಅಪಾರ್ಟ್‌ಮೆಂಟ್ ನಂಬರು ಕೇಳುತ್ತಾರೆ. ನಮ್ಮ ಮನೆಗೆ ಬೀದಿಯೇ ಇಲ್ಲ. ದಾರಿ ಕೇಳಿದವರಿಗೆ ನಾವು ಹೇಳುವ ಗುರುತು, 1604ರಲ್ಲಿ ತಿಮ್ಮಣ್ಣ ಅಜಿಲರು ನಿಲ್ಲಿಸಿದ ಗೊಮ್ಮಟ. ಉಟ್ಟ ಬಟ್ಟೆಯನ್ನೂ ಬಿಟ್ಟು ನಿಂತವನ ನೆರೆಯಲ್ಲಿ ಕೂತು ಆದಾಯ ಘೋಷಿಸಲು ಕೊಂಚ ನಾಚಿಕೆಯೇ.

ಮೂಡುಬಿದಿರೆಯ ಸಿ.ಎ. ಧೈರ್ಯ ತುಂಬಿದರು. ಆಗ ಜಾರಿಯಲ್ಲಿದ್ದ 1961ರ ಕಾಯ್ದೆಯ 44ಎಡಿಎ ಕಲಂ ಹಿಡಿದರೆ ಖರ್ಚಿನ ರಶೀದಿ ಬೇಡ. ಬಂದದ್ದರಲ್ಲಿ ಅರ್ಧ ಲಾಭ ಎಂದು ಒಪ್ಪಿಕೊಂಡರೆ ಮುಗಿಯಿತು. ಗುಡುಗು ಬಂದೊಡನೆ ಹೋಗುವ ಕರೆಂಟು, ಇನ್ವರ್ಟರು, ಮೊಬೈಲ್ ಸಿಗ್ನಲಿಗಾಗಿ ಗುಡ್ಡೆ ಹತ್ತಿ ಸವೆದ ಚಪ್ಪಲಿ, ಎಲ್ಲವೂ ಉಳಿದರ್ಧದೊಳಗೆ. ನನ್ನ ಖರ್ಚಿನ ಲೆಕ್ಕವನ್ನು ಸರಕಾರದಷ್ಟು ಮನೆಯವರೂ ನಂಬಿದ್ದಿಲ್ಲ. ಐಟಿಆರ್-4 ಸಾಕು, ಅದಕ್ಕೆ ‘ಸುಗಮ’ ಎಂದೇ ಹೆಸರು.

“ಅಂದ ಹಾಗೆ, ತೋಟ ಯಾರ ಹೆಸರಲ್ಲಿ?”

ನನ್ನದೇ. ಆದರೆ ಅಡಿಕೆಗೆ ಆದಾಯ ತೆರಿಗೆ ಇಲ್ಲವಲ್ಲ! ಇಲ್ಲ. ಆದರೂ ಕೃಷಿ ಆದಾಯ 5000 ರೂಪಾಯಿ ದಾಟಿತೋ, ಸುಗಮದ ಬಾಗಿಲು ಮುಚ್ಚಿತು. ಇನ್ನು ಐಟಿಆರ್-3ರ ಉದ್ದದ ಫಾರ್ಮು. ಈಗಿನ ಧಾರಣೆಯಲ್ಲಿ ಆ ಐದು ಸಾವಿರ ದಾಟಲು ಅರ್ಧ ಗೋಣಿ ಚಾಲಿ ಅಡಿಕೆಯೂ ಬೇಡ. ಮೇಲಾಗಿ ತೆರಿಗೆಯಿಲ್ಲದ ಅಡಿಕೆಯನ್ನು ಡಾಲರಿನ ಲಾಭಕ್ಕೆ ಕೂಡಿಸಿ, ಲಾಭದ ಮೇಲಿನ ದರ ಏರಿಸುತ್ತಾರಂತೆ.

ಚಿಕ್ಕಪ್ಪ ಎಲ್ಲ ಕೇಳಿ, ಬಾಯಲ್ಲಿದ್ದ ಎಲೆಯಡಿಕೆಯನ್ನು ಅಂಗಳಕ್ಕೆ ಉಗಿದು ಬಂದರು.

“ಇಷ್ಟು ರಗಳೆ ಎಂತಕ್ಕೆ ಮಾರಾಯ? ಆ ಅಮೆರಿಕದವರಿಗೆ ಅಡಿಕೆಯನ್ನೇ ಮಾರು. ತಿನ್ನಲಿಕ್ಕೆ ನಾನು ಕಲಿಸುತ್ತೇನೆ.”