ಜಾಲಿಮರದ ರಿವಿಯೆರಾ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಗೆ ದೇವರು ಸಮುದ್ರ ಕೊಡಲಿಲ್ಲವೆಂದು ಕೊರಗುವವರು ಫ್ರಾನ್ಸಿನ ಕಾನ್ ಪಟ್ಟಣದ ಪೂರ್ವಾಶ್ರಮವನ್ನೊಮ್ಮೆ ಕೇಳಬೇಕು. ರಿವಿಯೆರಾ ಎಂದು ಕರೆಯುವ ಮೆಡಿಟರೇನಿಯನ್ ದಂಡೆಯ ಆ ಊರಿಗೆ ಸಮುದ್ರ ಮೊದಲಿನಿಂದಲೂ ಇತ್ತು. ಆದರೂ ಅದು ಮೀನುಗಾರರ ಹಳ್ಳಿಯಾಗಿಯೇ ಉಳಿದಿತ್ತು. 1834ರಲ್ಲಿ ಇಂಗ್ಲೆಂಡಿನ ಮಾಜಿ ಲಾರ್ಡ್ ಚಾನ್ಸಲರ್ ಬ್ರೂಮ್ ಸಾಹೇಬರು ಇಟಲಿಗೆ ಹೊರಟಿದ್ದಾಗ ಕಾಲರಾ ಭಯಕ್ಕೆ ಗಡಿ ಮುಚ್ಚಿತ್ತು. ದಾರಿ ಕಾಣದೆ ಕಾನ್‌ನಲ್ಲಿ ತಂಗಿದರು, ಹವೆ ಒಗ್ಗಿತು, ಬಂಗಲೆ ಕಟ್ಟಿಸಿದರು. ಲಾರ್ಡೇ ಹೋದ ಮೇಲೆ ಉಳಿದ ಶ್ರೀಮಂತರು ಸುಮ್ಮನಿದ್ದಾರೆಯೇ? ಚಳಿಗಾಲ ಬಂತೆಂದರೆ ಹಿಂಡುಹಿಂಡಾಗಿ ಬಂದಿಳಿದರು. ಅವರ ಕಣ್ಣಿಗೆ ಹಬ್ಬವಾಗಲೆಂದು ಪರದೇಶದ ಖರ್ಜೂರದ ಜಾತಿಯ ಮರಗಳನ್ನು ತಂದು ನೆಟ್ಟರು. ಮುಂದೆ ಮರಳನ್ನೂ ಹೊರಗಿನಿಂದ ತಂದು ಸುರಿದು ದಂಡೆ ಅಗಲ ಮಾಡಿದರು. (ನಮ್ಮ ಹಡಗಲಿ ಕಡೆ ತುಂಗಭದ್ರೆಯ ಮರಳು ರಾತ್ರೋರಾತ್ರಿ ಲಾರಿ ಹತ್ತಿ ಹೋಗುತ್ತದೆ. ಅಭಿವೃದ್ಧಿಯ ದಿಕ್ಕು ಬೇರೆ, ಅಷ್ಟೇ.) ಹಾಗಾಗಿ ಊರನ್ನು ರೆಸಾರ್ಟ್ ಮಾಡುವುದು ನೀರಲ್ಲ, ತಮ್ಮೂರ ಚಳಿ ತಾಳದೆ ಓಡಿಬರುವ ನೆಂಟರು ಎಂಬುದು ನನ್ನ ವಾದ.

ಈ ಲೆಕ್ಕದಲ್ಲಿ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ ಯಾವ ರಿವಿಯೆರಾಕ್ಕೂ ಕಡಿಮೆಯಲ್ಲ. ಸುಮಾರು 244 ಎಕರೆಯ ಕೆರೆ. ನೀರೊಳಗೆ ನಿಂತ ಕರಿಜಾಲಿ ಮರಗಳೇ ಅಲ್ಲಿನ ಹೋಟೆಲುಗಳು. ಚಳಿಗಾಲಕ್ಕೆ ಉತ್ತರದ ಹಿಮ ಬಿಟ್ಟು ಬಾತುಗಳು ಬರುತ್ತವೆ. ಬಣ್ಣದ ಕೊಕ್ಕರೆಗಳಂತೂ ಸಂಸಾರ ಹೂಡಲೆಂದೇ ಬರುತ್ತವೆ. ಅವು ಬರಿಯ ಹಕ್ಕಿಗಳಲ್ಲವೇ, ಲಾರ್ಡುಗಳ ಸಾಲಿನಲ್ಲಿ ಕೂರಿಸುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ನಡವಳಿಕೆ ನೋಡಿ ಹೇಳಿ: ಗುಂಪಾಗಿ ಬರುತ್ತವೆ, ಒಳ್ಳೆಯ ಜಾಗಕ್ಕೆ ಕಚ್ಚಾಡುತ್ತವೆ, ಸ್ಥಳೀಯರ ಮಾತು ಕಲಿಯದೆ ತಮ್ಮದೇ ಭಾಷೆಯಲ್ಲಿ ಗದ್ದಲ ಮಾಡುತ್ತವೆ, ಕೆಲಸ ಮುಗಿದೊಡನೆ ಹೇಳದೆ ಕೇಳದೆ ಹೊರಡುತ್ತವೆ. ಬಿಲ್ಲು ಕಟ್ಟುವುದಿಲ್ಲ ಎಂಬುದೊಂದೇ ವ್ಯತ್ಯಾಸ. ಸರ್ಕಾರಕ್ಕೂ ಇದು ಮನವರಿಕೆಯಾಗಿ 2017ರಲ್ಲಿ ಕೆರೆಯನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಿತು. 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲೂ ಹೆಸರು ಬಂತು.

ಇನ್ನು ಬಿಸಿಲಿನ ತಕರಾರು. ಕಾನ್‌ನಲ್ಲಿ ಬಿಸಿಲು ಹಿತ, ನಮ್ಮಲ್ಲಿ ಅದು ಶಿಕ್ಷೆ ಎನ್ನುತ್ತಾರೆ. ಒಪ್ಪತಕ್ಕ ಮಾತು. ಆದರೆ ಅಲ್ಲಿಯವರು ಮರಳ ಮೇಲೆ ಒರಗಲು ಕುರ್ಚಿಗೆ ಬಾಡಿಗೆ ಕೊಟ್ಟು, ಬಂದ ಬಿಸಿಲನ್ನು ತಡೆಯಲು ಮತ್ತೆ ದುಬಾರಿ ಕ್ರೀಮು ಬಳಿದುಕೊಳ್ಳುತ್ತಾರೆ. ಕೊಕ್ಕರೆಗೆ ಈ ಎರಡು ಖರ್ಚೂ ಇಲ್ಲ. ಬಿಸಿಲೇರಿದರೆ ತನ್ನ ಕಾಲ ಮೇಲೆ ತಾನೇ ತೆಳ್ಳಗೆ ಹಿಕ್ಕೆ ಹಾಕಿಕೊಳ್ಳುತ್ತದೆ. ಅದು ಆರುವಾಗ ಮೈ ತಂಪಾಗುತ್ತದೆ, ಕಾಲು ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಮರಿಗಳಿಗೆ ರೆಕ್ಕೆ ಬಿಚ್ಚಿ ನೆರಳು ಹಿಡಿಯುತ್ತದೆ. ಬಿಸಿಲನ್ನೇ ಬಂಡವಾಳ ಮಾಡಿಕೊಂಡ ಕಾನ್‌ಗೂ ಬಿಸಿಲಿಲ್ಲದ ಊರಿನ ಕಷ್ಟ ಅರ್ಥವಾಗುತ್ತದೆನ್ನಿ: ಅಲ್ಲಿನ ಹೆಸರಾಂತ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ 2024ರಲ್ಲಿ ಮೊದಲ ಬಹುಮಾನ ಪಡೆದದ್ದು ಚಿದಾನಂದ ಎಸ್. ನಾಯಕ್ ಅವರ ಕನ್ನಡ ಕಿರುಚಿತ್ರ. ಅಜ್ಜಿಯೊಬ್ಬಳು ಹುಂಜ ಕದ್ದದ್ದರಿಂದ ಊರಿಗೆ ಬೆಳಕೇ ಹರಿಯದ ಜನಪದ ಕತೆ ಅದು.

ಥಳಕು ಎಲ್ಲಿದೆ ಎಂಬುದು ಕೊನೆಯ ಆಕ್ಷೇಪ. ಕಾನ್‌ನ ತಾರೆಯರು ಕೆಂಪು ಹಾಸಿನ ಮೇಲೆ 24 ಮೆಟ್ಟಿಲು ಹತ್ತಿದರೆ ಸಾಕು, ಜಗತ್ತಿನ ಕ್ಯಾಮೆರಾಗಳೆಲ್ಲ ಅತ್ತ ತಿರುಗುತ್ತವೆ. ಕೊಟ್ಟೂರು ಗುರು ಬಸವೇಶ್ವರನ ತೇರಿಗೆ ದಾವಣಗೆರೆಯಿಂದ ಬೊಬ್ಬೆಗಾಲಲ್ಲಿ ನಡೆದು ಬರುವವರಿಗೆ ಸಿಗುವುದು ದಾರಿಬದಿಯ ಮಜ್ಜಿಗೆ. ಥಳಕಿನಲ್ಲಿ ನಾವು ಸೋತೆವು, ಮಜ್ಜಿಗೆಯಲ್ಲಿ ಗೆದ್ದೆವು. ಹಾಗಾದರೆ ಅಂಕಸಮುದ್ರದ ದಂಡೆಗೆ ನಾಲ್ಕು ಕಾಟೇಜು ಕಟ್ಟಿ, ಸಂಗೀತ ಹಚ್ಚಿ, ಥಳಕನ್ನೂ ತಂದರೇನು ಎನ್ನುವವರಿಗೆ ನನ್ನದೊಂದೇ ಸಲಹೆ. ಕರಿಜಾಲಿಯ ಮುಳ್ಳಿಗೆ ಈಜುಡುಗೆ, ಸೂಟುಬೂಟು ಎಂಬ ಭೇದವಿಲ್ಲ. ಅಡಿಪಾಯ ತೋಡುವ ಮೊದಲು ಗುತ್ತಿಗೆದಾರರು ಒಂದು ಸಲ ಬರಿಗಾಲಲ್ಲಿ ದಂಡೆ ಸುತ್ತಿ ಬರಲಿ.